ನಾಟಕದ ಗಲ್ಲಾಪೆಟ್ಟಿಗೆ, ಆಶ್ರಮದ ಅನ್ನ

2003ರ ಬೇಸಿಗೆಯ ಮಾತು. ಕಲಬುರಗಿಗೆ ಆಗ ಇನ್ನೂ ಗುಲ್ಬರ್ಗವೆಂಬುದೇ ಸರ್ಕಾರಿ ಹೆಸರಾಗಿತ್ತು. ನಗರದ ಮಗ್ಗುಲಿನ ಶರಣಸಿರಸಗಿ ಹಾಗೂ ಆ ಸುತ್ತಿನ ಹಳ್ಳಿಗಳಿಂದ ಓದಲು ಬರುತ್ತಿದ್ದ ಬಡ ಹೆಣ್ಣುಮಕ್ಕಳಿಗಾಗಿ ಒಂದು ಪುಟ್ಟ ವಸತಿನಿಲಯವನ್ನು ನೋಡಿಕೊಳ್ಳುವ ಹೊಣೆ ಎಳೆಯ ಗುರುವಾಗಿದ್ದ ನನ್ನ ಮೇಲಿತ್ತು. ಅದರ ತಗಡಿನ ಸೂರು ಹಿಂದಿನ ಮಳೆಗಾಲದಲ್ಲೇ ಸೋರಿ ಮಕ್ಕಳ ಪುಸ್ತಕಗಳೆಲ್ಲ ನೆನೆದಿದ್ದವು. ಶರಣಬಸವೇಶ್ವರರ ಜಾತ್ರೆ ಮುಗಿಸಿದ ನಾಟಕ ಕಂಪನಿಯೊಂದು ಇನ್ನೂ ಮೊಕ್ಕಾಂ ಎತ್ತಿರಲಿಲ್ಲ. ಹಿರಿಯರೊಬ್ಬರು ದಾರಿ ತೋರಿಸಿದರು: ಕಂಪನಿಯ ಒಂದು ರಾತ್ರಿಯ ಆಟವನ್ನು ನಾವೇ ಗುತ್ತಿಗೆ ಹಿಡಿಯುವುದು, ಟಿಕೆಟ್ಟುಗಳನ್ನು ನಾವೇ ಮಾರುವುದು, ಮಿಕ್ಕಿದ್ದನ್ನು ಸೂರಿಗೆ ಹಾಕುವುದು.

ಕರಪತ್ರ ಬರೆದವನು ನಾನೇ. ‘ಸಂಗ್ರಹವಾದ ಎಲ್ಲ ಹಣವೂ ಹೆಣ್ಣುಮಕ್ಕಳ ವಸತಿನಿಲಯಕ್ಕೆ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದೆ. ಬರೆಯುವಾಗ ಅದರಲ್ಲಿ ಸುಳ್ಳೇನೂ ಕಾಣಲಿಲ್ಲ. ಆಟ ತುಂಬಿತು, ಮೂವತ್ತು ರೂಪಾಯಿಯ ಕುರ್ಚಿಗಳು ಸಾಲದೆ ಬೆಂಚುಗಳನ್ನು ತರಿಸಿದೆವು. ಒಟ್ಟು ಬಂದದ್ದು 31,450 ರೂಪಾಯಿ. ಕಂಪನಿಯ ಗುತ್ತಿಗೆಗೆ 20,000. ಕರಪತ್ರ, ಧ್ವನಿವರ್ಧಕ, ಜೀಪು, ಪೊಲೀಸರ ಚಹಾ ಎಲ್ಲ ಸೇರಿ 4,000. ಉಳಿದದ್ದು 7,450.

ಮರುವಾರ ಪೂಜೆ ಮುಗಿಸಿ ಹೊರಬಂದಾಗ ಶರಣಸಿರಸಗಿಯ ಕಡೆಯ ಒಬ್ಬ ಮುದಿ ಒಕ್ಕಲಿಗರು ಚರ್ಚಿನ ಮೆಟ್ಟಿಲ ಬಳಿ ನಿಂತಿದ್ದರು. ನಮ್ಮ ವಿಶ್ವಾಸಿಗಳಲ್ಲ, ಆದರೆ ಅವರ ಮೊಮ್ಮಗಳು ವಸತಿನಿಲಯದಲ್ಲಿದ್ದಳು. “ಫಾದರ್ರ, ನಾಟಕ ಛಲೋ ಆತ್ರಿ. ನಾ ಮೂವತ್ತು ರೂಪಾಯಿ ಕೊಟ್ಟು ಕುಂತಿದ್ದೆ. ನನ್ನ ಮೂವತ್ತರಾಗ ಹುಡುಗ್ಯಾರಿಗೆ ಎಷ್ಟು ಮುಟ್ಟಿತ್ರಿ?” ಎಂದರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿ, ಏಳು ರೂಪಾಯಿ ಎಂದೆ. ಅವರು ಸಿಟ್ಟಾಗಲಿಲ್ಲ. “ಏಳಾದ್ರ ಏಳು ಅಂತ ಮೊದಲ ಹೇಳಬೇಕಿತ್ತಲ್ರಿ” ಎಂದಷ್ಟೇ ಹೇಳಿ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೋದರು.

ಆ ಮಾತು ನನ್ನನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಾಡಿದೆ. ಮನರಂಜನೆಯನ್ನು ಮಾರಿ ಧರ್ಮಕಾರ್ಯಕ್ಕೆ ಹಣ ಕೂಡಿಸುವುದು ನಮ್ಮ ಧರ್ಮಕೇಂದ್ರಗಳಲ್ಲಿ ಹೊಸದೇನಲ್ಲ. ಹಬ್ಬದ ದಿನದ ಹೌಸಿ ಆಟ, ಲಕ್ಕಿ ಡಿಪ್, ಸಂಗೀತ ಸಂಜೆ, ಸಹಾಯಾರ್ಥ ನಾಟಕ ಇವೆಲ್ಲ ನಮಗೆ ಪರಿಚಿತ. ಆದರೆ ಒಂದೇ ಟಿಕೆಟ್ಟಿನಲ್ಲಿ ವ್ಯಾಪಾರವೂ ದಾನವೂ ಬೆರೆತಾಗ ಜನರ ನಂಬಿಕೆ ಯಾವುದರ ಮೇಲೆ ನಿಲ್ಲುತ್ತದೆ? ಚರಿತ್ರೆಯಲ್ಲಿ ಇದನ್ನು ನನಗಿಂತ ಚೆನ್ನಾಗಿ ಮಾಡಿದವರು ಯಾರು ಎಂದು ಹುಡುಕಹೊರಟಾಗ ನನಗೆ ಸಿಕ್ಕಿದ ಮೊದಲ ಉತ್ತರ ನಮ್ಮ ಉತ್ತರ ಕರ್ನಾಟಕದಲ್ಲೇ, ಗದಗಿನಲ್ಲಿ ಇತ್ತು.

ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರನ್ನು ಕೇಳದ ಕನ್ನಡಿಗರು ವಿರಳ. ಅದರ ಮೂಲಪುರುಷರಾದ ಪಂಚಾಕ್ಷರ ಗವಾಯಿಗಳು 1892ರಲ್ಲಿ ಹಾನಗಲ್ಲು ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದರು. ಹುಟ್ಟುಗುರುಡರು. ಬಡತನದ ಮನೆ. ಹಾನಗಲ್ಲಿನ ಕುಮಾರಸ್ವಾಮಿಗಳು ಆ ಬಾಲಕನ ಕಂಠವನ್ನು ಗುರುತಿಸಿ ಕರೆದೊಯ್ದು ಸಂಗೀತ ಕಲಿಸಿದರು. ಕರ್ನಾಟಕ ಮತ್ತು ಹಿಂದೂಸ್ತಾನಿ ಎರಡೂ ಪದ್ಧತಿಗಳಲ್ಲಿ ಪಳಗಿದ ಅವರು ತಾವು ಪಡೆದದ್ದನ್ನು ತಮ್ಮಂಥವರಿಗೇ ಹಂಚಲು ಹೊರಟರು: ಕುರುಡರು, ಅನಾಥರು, ಉಣ್ಣಲು ಇಲ್ಲದವರು. ಮೊದಮೊದಲು ಆ ಪಾಠಶಾಲೆಗೆ ಕಟ್ಟಡವೇ ಇರಲಿಲ್ಲ. ಗುರುಗಳು ಹೋದಲ್ಲಿ ಶಿಷ್ಯರು, ಶಿಷ್ಯರಿದ್ದಲ್ಲಿ ಶಾಲೆ. ಊರಿಂದೂರಿಗೆ ಸಂಚರಿಸುತ್ತ, ಭಕ್ತರು ಕೊಟ್ಟದ್ದನ್ನು ಉಣ್ಣುತ್ತ ಆ ಸಂಚಾರಿ ಪಾಠಶಾಲೆ ನಡೆಯಿತು. 1940ರ ದಶಕದ ಆರಂಭದಲ್ಲಿ ಗದಗಿನ ಬಸರೀಗಿಡದ ವೀರಪ್ಪನವರು ಕೊಟ್ಟ ನೆಲದಲ್ಲಿ ಅದು ನೆಲೆಯೂರಿ ಆ ದಾನಿಯ ಹೆಸರನ್ನೇ ಹೊತ್ತುಕೊಂಡಿತು. 1944ರಲ್ಲಿ ಪಂಚಾಕ್ಷರ ಗವಾಯಿಗಳು ತೀರಿಕೊಂಡಾಗ ಆಶ್ರಮದ ಭಾರ ಬಿದ್ದದ್ದು ಮೂವತ್ತು ವರ್ಷದ ಪುಟ್ಟರಾಜ ಗವಾಯಿಗಳ ಮೇಲೆ. ಅವರಿಗೂ ಕಣ್ಣು ಕಾಣದು.

ಉಚಿತ ಅನ್ನ, ಉಚಿತ ವಸತಿ, ಉಚಿತ ವಿದ್ಯೆ ಎಂದು ಹೇಳುವುದು ಸುಲಭ. ನೂರಾರು ಮಕ್ಕಳಿಗೆ ದಿನಕ್ಕೆ ಎರಡು ಹೊತ್ತು ರೊಟ್ಟಿ ಬಡಿಯಬೇಕಾದರೆ ಜೋಳ ಎಲ್ಲಿಂದ ಬರಬೇಕು? ಸುಗ್ಗಿಯಲ್ಲಿ ರೈತ ಕೊಡುತ್ತಾನೆ. ಬರಗಾಲದಲ್ಲಿ ಅವನ ಕಣಜವೇ ಖಾಲಿ. ಈ ಇಕ್ಕಟ್ಟಿಗೆ ಗವಾಯಿಗಳು ಕಂಡುಕೊಂಡ ಉತ್ತರ ಒಂದು ನಾಟಕ ಕಂಪನಿ. ಗುರು ಹಾನಗಲ್ಲು ಕುಮಾರೇಶ್ವರರ ಕೃಪಾಪೋಷಿತವೆಂಬ ಬಿರುದನ್ನು ಹೊತ್ತು ಪಂಚಾಕ್ಷರಿ ಗವಾಯಿಗಳ ನಾಟ್ಯಸಂಘವು ದಶಕಗಳ ಕಾಲ ಊರೂರು ಸುತ್ತಿತು. ಇಲ್ಲಿ ಒಂದು ಮಾತು ಸೇರಿಸುವ ಆಸೆ. ಉತ್ತರ ಕರ್ನಾಟಕದ ನಾಟಕ ಕಂಪನಿಗಳ ಹೆಸರುಗಳಲ್ಲಿ ‘ಕೃಪಾಪೋಷಿತ’ ಎಂಬ ಪದ ಸಾಮಾನ್ಯ. ಯಾವುದೋ ಮಠದ, ಯಾವುದೋ ದೇವರ ಕೃಪೆಯಿಂದ ಪೋಷಿತವಾದ ಕಂಪನಿ ಎಂದು ಅದರ ಅರ್ಥ. ಗದಗಿನಲ್ಲಿ ಮಾತ್ರ ಈ ಪೋಷಣೆ ಎರಡೂ ಕಡೆಗೆ ಹರಿಯಿತು. ಗುರುವಿನ ಕೃಪೆ ಕಂಪನಿಯನ್ನು ಸಾಕಿತು, ಕಂಪನಿಯ ಗಲ್ಲಾಪೆಟ್ಟಿಗೆ ಗುರುವಿನ ಮಕ್ಕಳನ್ನು ಸಾಕಿತು.

ಇದು ಭಿಕ್ಷೆಯ ಇನ್ನೊಂದು ರೂಪವಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಕಂಪನಿ ನಾಟಕದ ಮಾರುಕಟ್ಟೆ ಬಲು ಕಠಿಣವಾದುದು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಕನ್ನಡ ಪ್ರೇಕ್ಷಕನಿಗೆ ವೈಭವದ ರುಚಿ ಹತ್ತಿಸಿತ್ತು; ವೀರಣ್ಣನವರ ಕಾಲದಲ್ಲಿ ರಂಗಕ್ಕೆ ಆನೆ ಕುದುರೆಗಳೇ ಬಂದವು. ಬಾದಾಮಿಯ ಬನಶಂಕರಿ ಜಾತ್ರೆಯಂಥ ಕಡೆ ಹಲವು ಕಂಪನಿಗಳು ಒಂದೇ ಬಯಲಿನಲ್ಲಿ ಡೇರೆ ಹಾಕುತ್ತವೆ. ರಾತ್ರಿ ಊಟ ಮಾಡಿ ಹೊರಟ ರೈತ ಧ್ವನಿವರ್ಧಕಗಳ ಕೂಗಾಟದ ನಡುವೆ ನಿಂತು ಯಾವ ಡೇರೆಗೆ ಹೋಗಲಿ ಎಂದು ಯೋಚಿಸುತ್ತಾನೆ. ಅವನು ಮಾಡಿದ ಆಯ್ಕೆಯಲ್ಲಿ ಕರುಣೆಗೆ ಎಡೆಯಿಲ್ಲ. ಹಾಡು ಚೆನ್ನಾಗಿರಬೇಕು, ಸೀನರಿ ಚೆನ್ನಾಗಿರಬೇಕು, ಹಾಸ್ಯ ನಗಿಸಬೇಕು. ಕುರುಡು ಮಕ್ಕಳ ಕಂಪನಿಯೆಂದು ಒಂದು ದಿನ ಬಂದಾನು. ನಾಟಕ ಸಪ್ಪೆಯಾದರೆ ಎರಡನೆಯ ದಿನ ಅವನ ನೆರೆಯವನೂ ಬಾರ.

ಪುಟ್ಟರಾಜರು ಈ ಸ್ಪರ್ಧೆಗೆ ಕಲಾವಿದರಾಗಿಯೇ ಇಳಿದರು. ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಎಲ್ಲವನ್ನೂ ನುಡಿಸಬಲ್ಲವರು ಸ್ವತಃ ನಾಟಕಗಳನ್ನು ರಚಿಸಿದರು. ಕಾಣದ ಕಣ್ಣಿನ ಕವಿ ಹೇಳುತ್ತ ಹೋಗುವುದು, ಕಾಣುವ ಶಿಷ್ಯ ಬರೆದುಕೊಳ್ಳುವುದು. ವಸ್ತು ಹೆಚ್ಚಾಗಿ ಶರಣರ, ಶಿವಯೋಗಿಗಳ ಚರಿತ್ರೆ. ಭಕ್ತಿಗೆ ಬಂದವನಿಗೆ ಭಕ್ತಿ, ಸಂಗೀತಕ್ಕೆ ಬಂದವನಿಗೆ ಸಂಗೀತ. ಈ ಆಶ್ರಮದ ನೆರಳಿನಲ್ಲಿ ಕಲಿತವರಲ್ಲಿ ಬಸವರಾಜ ರಾಜಗುರು ಇದ್ದಾರೆ, ನಮ್ಮ ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿ ಇದ್ದಾರೆ, ನಂತರದ ತಲೆಮಾರಿನ ವೆಂಕಟೇಶಕುಮಾರ್ ಇದ್ದಾರೆ. ಹೀಗೆ ಟಿಕೆಟ್ಟು ಕೊಂಡವನಿಗೆ ಅವನ ದುಡ್ಡಿನ ಬೆಲೆ ಆ ಡೇರೆಯಲ್ಲೇ ಸಿಗುತ್ತಿತ್ತು.

ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಸಾಮಾನ್ಯ ಸಹಾಯಾರ್ಥ ಪ್ರದರ್ಶನದಲ್ಲಿ ಸಹಾಯ ಪಡೆಯುವವರು ಎಲ್ಲೋ ದೂರದಲ್ಲಿರುತ್ತಾರೆ. ಕರಪತ್ರದಲ್ಲಿ ಅವರ ಹೆಸರಿರುತ್ತದೆ, ಅಷ್ಟೇ. ಗದಗಿನ ಕಂಪನಿಯಲ್ಲಿ ಅವರು ಕಣ್ಣೆದುರಿಗಿದ್ದರು. ಟಿಕೆಟ್ಟಿನ ಹಣದಿಂದ ಉಂಡ ಹುಡುಗನೇ ತಬಲಾ ಬಾರಿಸುತ್ತಿದ್ದ, ಅವನೇ ನಾಂದಿ ಹಾಡುತ್ತಿದ್ದ. ಪ್ರೇಕ್ಷಕನಿಗೆ ಲೆಕ್ಕಪತ್ರ ಓದಿ ಹೇಳುವ ಅಗತ್ಯವಿರಲಿಲ್ಲ. ಐದು ವರ್ಷದ ಹಿಂದೆ ಹಾರ್ಮೋನಿಯಂ ಹಿಡಿಯಲು ಬಾರದವನು ಈಗ ಹಾಡುತ್ತಿದ್ದಾನೆ. ಹಣ ಎಲ್ಲಿ ಹೋಯಿತೆಂಬುದಕ್ಕೆ ಆ ಹಾಡೇ ರಸೀದಿ. ಆಶ್ರಮವನ್ನು ನೋಡಬೇಕೆನ್ನುವವರಿಗೆ ಅದರ ಬಾಗಿಲೂ ತೆರೆದಿತ್ತು. ಹೋದವರು ಊಟ ಮಾಡಿಯೇ ಬರುತ್ತಿದ್ದರು.

ಮುಂದೆ ಜನ ಪುಟ್ಟರಾಜರನ್ನು ತಕ್ಕಡಿಯಲ್ಲಿ ಕೂರಿಸಿ ನಾಣ್ಯಗಳಿಂದ ತುಲಾಭಾರ ಮಾಡತೊಡಗಿದರು. ನೂರಾರು ಊರುಗಳಲ್ಲಿ ಅದು ನಡೆಯಿತು. ಆ ಹಣವೆಲ್ಲ ಆಶ್ರಮಕ್ಕೆ ಸಂದಿತು. ತುಲಾಭಾರ ಶುದ್ಧ ದಾನ, ಅದರಲ್ಲಿ ಟಿಕೆಟ್ಟಿಲ್ಲ. ಟಿಕೆಟ್ಟು ಮಾರಿದವರ ಮೇಲೆ ಜನ ಟಿಕೆಟ್ಟಿಲ್ಲದೆಯೂ ಹಣ ಸುರಿದರೆಂಬುದೇ ನನಗೆ ಅಚ್ಚರಿ. 2010ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ನೀಡಿತು; ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ಲಿಂಗೈಕ್ಯರಾದರು. ಅರವತ್ತಾರು ವರ್ಷ ಒಂದು ಸಂಸ್ಥೆಯ ಹಣ ಅವರ ಕೈಯಿಂದ ಹಾದುಹೋಯಿತು.

ಬಸವಣ್ಣನವರ ನಾಡಿನಲ್ಲಿ ಇದಕ್ಕೆ ಹೆಸರುಗಳೇ ಇವೆ: ಕಾಯಕ ಮತ್ತು ದಾಸೋಹ. ನಮ್ಮ ಕಲಬುರಗಿಯ ಶರಣಬಸವೇಶ್ವರರು ಒಕ್ಕಲುತನ ಮಾಡಿ, ಬಂದವರಿಗೆ ಅನ್ನವಿಕ್ಕಿ, ದಾಸೋಹಕ್ಕೇ ಹೆಸರಾದವರು. ನಾಟಕವನ್ನು ಕಾಯಕವೆಂದೂ ಆಶ್ರಮದ ಪಂಕ್ತಿಯನ್ನು ದಾಸೋಹವೆಂದೂ ಕಂಡಾಗ ಗದಗಿನ ಗುಟ್ಟು ಅರ್ಥವಾಗುತ್ತದೆ. ಕಾಯಕದ ಬೆಲೆ ಕಾಯಕಕ್ಕೆ ಸಲ್ಲಬೇಕು. ಅದು ಕಳಪೆಯಾದರೆ ದಾಸೋಹದ ಹೆಸರು ಹೇಳಿ ಅದನ್ನು ಮುಚ್ಚುವಂತಿಲ್ಲ.

ಆಶ್ರಮವಿಲ್ಲದೆ, ಒಂಟಿಯಾಗಿ ಇದೇ ದಾರಿಯಲ್ಲಿ ನಡೆದ ಒಬ್ಬರನ್ನು ಇಲ್ಲಿ ನೆನೆಯಲೇಬೇಕು. ಬಳ್ಳಾರಿ ರಾಘವರು (1880-1946) ವೃತ್ತಿಯಿಂದ ವಕೀಲರು, ಪ್ರವೃತ್ತಿಯಿಂದ ನಟರು. ನ್ಯಾಯಾಲಯದಲ್ಲಿ ಗಳಿಸಿದ್ದರಿಂದ ಮನೆ ನಡೆಸಿದರು; ರಂಗದ ಮೇಲೆ ಗಳಿಸಿದ್ದನ್ನು ಧರ್ಮಕಾರ್ಯಗಳಿಗೆ ಕೊಟ್ಟರು. ಅವರ ಬಗ್ಗೆ ಜನರಿಗೆ ಸಂಶಯವೇ ಬರಲಿಲ್ಲ, ಏಕೆಂದರೆ ಅವರ ಅನ್ನದ ಮೂಲ ಬೇರೆ ಇತ್ತು. ಆದರೆ ಎಲ್ಲರೂ ವಕೀಲರಾಗಿರಲಾರರು. ನಟನೂ ಉಣ್ಣಬೇಕು, ಪರದೆ ಎಳೆಯುವವನೂ ಉಣ್ಣಬೇಕು. ಅವರ ಕೂಲಿಯನ್ನು ಬಚ್ಚಿಟ್ಟು ಎಲ್ಲವೂ ದಾನಕ್ಕೆ ಎಂದು ಸಾರಿದವನು ನಾನು.

ಈಗ ಓದುಗರನ್ನು ಸ್ವಲ್ಪ ದೂರ, ನಮ್ಮ ಧರ್ಮಸಭೆಯ ಚರಿತ್ರೆಗೇ ಕರೆದೊಯ್ಯುತ್ತೇನೆ. ಗುರುಮಠದಲ್ಲಿ ಓದುವಾಗ ಸ್ಪೇನಿನ ಸಂತರ ಬಗ್ಗೆ ಸಾಕಷ್ಟು ಕಲಿತಿದ್ದೆವು. ಸ್ಪೇನಿನ ನಾಟಕಶಾಲೆಗಳನ್ನು ಕಟ್ಟಿದವರು ಯಾರೆಂದು ಮಾತ್ರ ಯಾರೂ ಹೇಳಿರಲಿಲ್ಲ. ಮ್ಯಾಡ್ರಿಡ್ ನಗರದಲ್ಲಿ 1565ರಲ್ಲಿ ಕ್ರಿಸ್ತರ ಯಾತನೆಯ ಹೆಸರಿನಲ್ಲಿ ಒಂದು ಭ್ರಾತೃಸಂಘ ಹುಟ್ಟಿತು. ಬಡವರಿಗೆ ಬಟ್ಟೆ, ಅನ್ನ, ಬಡ ರೋಗಿಗಳಿಗೆ ಆಸ್ಪತ್ರೆ ಅದರ ಗುರಿ. ಎರಡು ವರ್ಷಗಳ ಮೇಲೆ ಸೊಲೆದಾದ್ ಮಾತೆಯ ಹೆಸರಿನಲ್ಲಿ ಇನ್ನೊಂದು ಸಂಘ ಬಂತು. ಬೀದಿಯಲ್ಲಿ ಬಿಟ್ಟುಹೋದ ಕೂಸುಗಳನ್ನು ಎತ್ತಿ ಸಾಕುವ ಕೆಲಸವನ್ನು ಅದು ಹೊತ್ತುಕೊಂಡಿತು. ಹಣಕ್ಕಾಗಿ ಈ ಸಂಘಗಳು ಹಿಡಿದ ದಾರಿ ನಾಟಕ. ಮನೆಗಳ ನಡುವಣ ಅಂಗಳಗಳನ್ನು ಬಾಡಿಗೆಗೆ ಹಿಡಿದು, ಅಲೆಮಾರಿ ನಾಟಕ ತಂಡಗಳಿಗೆ ಕೊಟ್ಟು, ಬಂದ ಹಣದಲ್ಲಿ ಪಾಲು ಪಡೆದರು. ಆಮೇಲೆ ತಾವೇ ಜಾಗ ಕೊಂಡು 1579ರಲ್ಲಿ ‘ಶಿಲುಬೆಯ ಅಂಗಳ’ವನ್ನೂ 1583ರಲ್ಲಿ ‘ರಾಜಕುಮಾರನ ಅಂಗಳ’ವನ್ನೂ ಕಟ್ಟಿದರು. ಲೋಪೆ ದೆ ವೇಗಾನಂಥ ಮಹಾನಾಟಕಕಾರನ ಕೃತಿಗಳು ಮ್ಯಾಡ್ರಿಡ್ಡಿನ ಜನಕ್ಕೆ ದೊರೆತದ್ದು ಈ ಅಂಗಳಗಳಲ್ಲಿ. ಅಂದರೆ ಯುರೋಪಿನ ಒಂದು ಶ್ರೇಷ್ಠ ರಂಗಭೂಮಿ ಆಸ್ಪತ್ರೆಯ ಖರ್ಚು ಹೊಂದಿಸಲು ಹೊರಟ ಭಕ್ತಸಂಘಗಳ ಆಸರೆಯಲ್ಲಿ ಬೆಳೆಯಿತು.

ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಆ ಅಂಗಳದ ಬಾಗಿಲಿನದು. ನಾಟಕ ನೋಡಲು ಬಂದವನು ಒಂದು ಸಲ ಹಣ ಕೊಟ್ಟು ಒಳಹೋಗುವಂತಿರಲಿಲ್ಲ. ಮೊದಲು ತಂಡದ ಯಜಮಾನನ ಆಳಿಗೆ ಒಂದಿಷ್ಟು. ಅದು ನಟರ ಪಾಲು. ಎರಡು ಹೆಜ್ಜೆ ಒಳಗೆ ಭ್ರಾತೃಸಂಘದವರಿಗೆ ಇನ್ನೊಂದಿಷ್ಟು. ಅದು ಆಸ್ಪತ್ರೆಯ ಪಾಲು. ಕೂರಲು ಜಾಗ ಬೇಕಾದರೆ ಮತ್ತೆ ಬೇರೆ. ಜನ ಗೊಣಗಿದರು, ಎರಡೆರಡು ಕಡೆ ಕೊಡಲು ಒಲ್ಲದೆ ನುಗ್ಗಿದವರೂ ಜಗಳ ತೆಗೆದವರೂ ಇದ್ದರು. ಆದರೂ ತನ್ನ ಕೈಯ ಯಾವ ನಾಣ್ಯ ಆಟಕ್ಕೆ, ಯಾವ ನಾಣ್ಯ ರೋಗಿಗೆ ಎಂಬುದು ಓದಲು ಬಾರದವನಿಗೂ ಗೊತ್ತಾಗುತ್ತಿತ್ತು. ಶರಣಸಿರಸಗಿಯ ಆ ಹಿರಿಯರು ನನ್ನಲ್ಲಿ ಕೇಳಿದ್ದು ಈ ಎರಡನೆಯ ಬಾಗಿಲನ್ನೇ.

ಈ ಏರ್ಪಾಡಿಗೆ ವಿರೋಧವಿರಲಿಲ್ಲವೆಂದಲ್ಲ. ಧರ್ಮಶಾಸ್ತ್ರಜ್ಞರು ಹಲವರು ನಾಟಕಶಾಲೆಗಳನ್ನು ಪಾಪದ ಮನೆಗಳೆಂದರು. ಯೇಸುಸಭೆಯ ವಿದ್ವಾಂಸ ಹ್ವಾನ್ ದೆ ಮರಿಯಾನಾ 1609ರಲ್ಲಿ ಅವುಗಳ ವಿರುದ್ಧ ಒಂದು ಗ್ರಂಥವನ್ನೇ ಪ್ರಕಟಿಸಿದರು. ಅದಕ್ಕೂ ಮೊದಲು, 1598ರಲ್ಲಿ, ದೊರೆ ಎರಡನೆಯ ಫಿಲಿಪ್ ನಾಟಕಗಳನ್ನು ನಿಷೇಧಿಸಿದ್ದನು. ಆಗ ನಡೆದದ್ದನ್ನು ಗಮನಿಸಿರಿ. ನಾಟಕವನ್ನು ಮತ್ತೆ ತೆರೆಯಿರೆಂದು ಮ್ಯಾಡ್ರಿಡ್ ನಗರಸಭೆ ದೊರೆಗೆ ಮನವಿ ಸಲ್ಲಿಸಿತು. ಆಸ್ಪತ್ರೆಗಳ ಆದಾಯ ನಿಂತುಹೋಗುತ್ತದೆ ಎಂಬುದು ಅವರ ಕೈಯಲ್ಲಿದ್ದ ಬಲವಾದ ವಾದಗಳಲ್ಲೊಂದು. ಅದೇ ವರ್ಷ ದೊರೆ ತೀರಿಕೊಂಡ. ಮರುವರ್ಷ ಅಂಗಳಗಳು ತೆರೆದವು.

ಎಳೆಯ ವಯಸ್ಸಿನಲ್ಲಿ ಇದನ್ನು ಓದಿದ್ದರೆ ಮರಿಯಾನಾ ಅವರನ್ನು ಸಂಕುಚಿತ ಮನಸ್ಸಿನವರೆಂದು ತಳ್ಳಿಹಾಕುತ್ತಿದ್ದೆನೋ ಏನೋ. ಈಗ ಹಾಗೆ ಅನ್ನಿಸುವುದಿಲ್ಲ. ನಾಟಕವೇ ಪಾಪವೆಂಬ ಅವರ ಮಾತನ್ನು ನಾನು ಒಪ್ಪಲಾರೆ. ಆದರೆ ರೋಗಿಯ ಹಾಸಿಗೆಯನ್ನು ಗಲ್ಲಾಪೆಟ್ಟಿಗೆಗೆ ಕಟ್ಟಿಹಾಕಿದ ಮೇಲೆ, ಗಲ್ಲಾಪೆಟ್ಟಿಗೆಯನ್ನು ಪ್ರಶ್ನಿಸುವ ಬಾಯಿ ಮುಚ್ಚಿಹೋಗುತ್ತದೆ ಎಂಬುದು ಸುಳ್ಳಲ್ಲ. ರಂಗದ ಮೇಲೆ ಏನೇ ನಡೆಯಲಿ, ಆಸ್ಪತ್ರೆಯವರು ಅದರ ವಕೀಲರಾಗಬೇಕಾಯಿತು. ಹಬ್ಬದ ಜೂಜಿನ ಅಂಗಡಿಯಿಂದ ಚರ್ಚಿನ ಗೋಡೆಗೆ ಬಣ್ಣ ಬರುವುದಾದರೆ, ಜೂಜಿನ ವಿರುದ್ಧ ಪ್ರಸಂಗ ಮಾಡುವ ಗುರುವಿನ ದನಿ ಒಂದಿಷ್ಟು ತಗ್ಗುತ್ತದೆ. ಇದನ್ನು ನಾನು ಕಂಡೂ ಇದ್ದೇನೆ, ತಗ್ಗಿಸಿಯೂ ಇದ್ದೇನೆ.

ಮ್ಯಾಡ್ರಿಡ್ಡಿನ ಕಥೆಯ ಕೊನೆ ಅಷ್ಟು ಸೊಗಸಲ್ಲ. 1615ರ ಹೊತ್ತಿಗೆ ಅಂಗಳಗಳನ್ನು ಗುತ್ತಿಗೆದಾರರಿಗೆ ವಹಿಸುವ ಪದ್ಧತಿ ಬಂತು. ಆಸ್ಪತ್ರೆಗಳಿಗೆ ಗೊತ್ತುಪಡಿಸಿದ ಮೊತ್ತ ಸಿಗತೊಡಗಿತು. 1638ರಲ್ಲಿ ನಗರಸಭೆಯೇ ಎಲ್ಲವನ್ನೂ ತನ್ನ ಕೈಗೆ ತೆಗೆದುಕೊಂಡಿತು. ರೋಗಿಗಳಿಗೆ ಹಣ ಬರುವುದು ನಿಲ್ಲಲಿಲ್ಲ. ಆದರೆ ಬಾಗಿಲಲ್ಲಿ ಕೊಟ್ಟ ನಾಣ್ಯಕ್ಕೂ ಹಾಸಿಗೆಯ ಮೇಲಿನ ರೋಗಿಗೂ ನೇರ ನಂಟು ಉಳಿಯಲಿಲ್ಲ. ಪ್ರೇಕ್ಷಕನ ಪಾಲಿಗೆ ಅದು ಇನ್ನೊಂದು ತೆರಿಗೆಯಂತಾಯಿತು.

ಬೇರೆ ಎರಡು ಪ್ರಸಂಗಗಳನ್ನು ಚುಟುಕಾಗಿ ಹೇಳುತ್ತೇನೆ. 1742ರ ಏಪ್ರಿಲ್ 13ರಂದು ಡಬ್ಲಿನ್ ನಗರದಲ್ಲಿ ಹ್ಯಾಂಡೆಲನ ‘ಮೆಸ್ಸಾಯ’ ಮೊದಲ ಬಾರಿಗೆ ಸಾರ್ವಜನಿಕವಾಗಿ ಹಾಡಲ್ಪಟ್ಟಿತು. ಕ್ರಿಸ್ಮಸ್ ಹೊತ್ತಿಗೆ ನಮ್ಮ ಗಾಯಕವೃಂದಗಳು ಅದರ ಭಾಗಗಳನ್ನು ಹಾಡುವುದುಂಟು. ಆ ದಿನದ ಹಣ ಮೂರು ಕಡೆಗೆ ಎಂದು ಮೊದಲೇ ಪತ್ರಿಕೆಯಲ್ಲಿ ಸಾರಲಾಗಿತ್ತು: ಸಾಲಕ್ಕಾಗಿ ಸೆರೆಯಲ್ಲಿದ್ದವರ ಬಿಡುಗಡೆಗೆ, ಮರ್ಸರ್ ಆಸ್ಪತ್ರೆಗೆ, ಬಡವರ ಇನ್ನೊಂದು ಚಿಕಿತ್ಸಾಲಯಕ್ಕೆ. ಹೆಚ್ಚು ಜನ ಹಿಡಿಸಲೆಂದು ಹೆಂಗಸರು ಅಗಲದ ಬಳೆಲಂಗ ತೊಡದೆಯೂ ಗಂಡಸರು ಖಡ್ಗ ಕಟ್ಟದೆಯೂ ಬರಬೇಕೆಂದು ಕೋರಿದ್ದರು. ಸುಮಾರು 700 ಮಂದಿ ಸೇರಿದರು, ಸುಮಾರು 400 ಪೌಂಡು ಕೂಡಿತು, 142 ಸಾಲಗಾರರು ಸೆರೆಮನೆಯಿಂದ ಹೊರಬಂದರು. ಕೊಟ್ಟವರಿಗೆ ಫಲ ಬೀದಿಯಲ್ಲೇ ಕಂಡಿತು.

ಇನ್ನೊಂದು, ನಮ್ಮ ಪಂಡಿತ ರವಿಶಂಕರರು ತಮ್ಮ ಶಿಷ್ಯ ಜಾರ್ಜ್ ಹ್ಯಾರಿಸನ್ ಜೊತೆ 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ನಡೆಸಿದ ಸಂಗೀತ ಕಛೇರಿ. ಎರಡು ಪ್ರದರ್ಶನಗಳ ಟಿಕೆಟ್ಟಿನ ಹಣ 2,43,418 ಡಾಲರು ಯುನಿಸೆಫಿಗೆ ಮುಟ್ಟಿತು. ಆದರೆ ಧ್ವನಿಮುದ್ರಿಕೆ ಮತ್ತು ಚಲನಚಿತ್ರದಿಂದ ಬಂದ ದೊಡ್ಡ ಮೊತ್ತ ತೆರಿಗೆ ಇಲಾಖೆಯ ತಗಾದೆಯಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತು. ಕಾರಣ ಸರಳ: ಕಛೇರಿಗೆ ಮೊದಲೇ ಧರ್ಮಾರ್ಥ ಸಂಸ್ಥೆಯ ಹೆಸರಿನಲ್ಲಿ ಕಾಗದಪತ್ರ ಮಾಡಿಕೊಂಡಿರಲಿಲ್ಲ. ಅವರ ಪ್ರಾಮಾಣಿಕತೆಯಲ್ಲಿ ಕೊರತೆಯಿರಲಿಲ್ಲ. ಹಸಿದ ನಿರಾಶ್ರಿತನಿಗೆ ಮಾತ್ರ ತಡವಾಯಿತು.

ಕಾನೂನಿನ ಮಾತು ಬಂದುದರಿಂದ ಒಂದು ವಿಷಯ. ಬ್ರಿಟನ್ನಿನಲ್ಲಿ 1916ರಲ್ಲಿ ಮನರಂಜನೆಗೆ ತೆರಿಗೆ ಹಾಕಿದಾಗ ಧರ್ಮಾರ್ಥ ಪ್ರದರ್ಶನಗಳಿಗೆ ವಿನಾಯಿತಿ ಕೊಟ್ಟರು. ಆದರೆ ಖರ್ಚನ್ನೂ ಕಳೆಯದೆ ಬಂದ ಹಣವೆಲ್ಲ ಧರ್ಮಕ್ಕೆ ಸಲ್ಲಬೇಕೆಂಬ ಷರತ್ತು ಹಾಕಿದರು. ಆಗ ಗದಗು ಸೇರಿದ್ದ ಮುಂಬಯಿ ಪ್ರಾಂತದಲ್ಲೂ 1923ರಲ್ಲಿ ಮನರಂಜನಾ ತೆರಿಗೆ ಬಂತು. ನಮ್ಮ ರಾಜ್ಯದ ಕಾಯಿದೆ 1958ರದು. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ಈ ಅಧ್ಯಾಯ ಮುಗಿಯಿತು. ‘ಬಂದದ್ದೆಲ್ಲ’ ಎಂಬುದಕ್ಕೂ ‘ಮಿಕ್ಕದ್ದು’ ಎಂಬುದಕ್ಕೂ ಇರುವ ಅಂತರವನ್ನು ತೆರಿಗೆಯ ಗುಮಾಸ್ತ ನೂರು ವರ್ಷದ ಹಿಂದೆಯೇ ತಿಳಿದಿದ್ದ. ಗುರುಮಠದಲ್ಲಿ ವರ್ಷಗಟ್ಟಲೆ ನೀತಿಶಾಸ್ತ್ರ ಓದಿ ಬಂದ ನನಗೆ ಅದು ಹೊಳೆದಿರಲಿಲ್ಲ.

ಹಾಗೆಂದು ನಮ್ಮ ಗ್ರಂಥದಲ್ಲಿ ಇದು ಇರಲಿಲ್ಲವೇ? ಇತ್ತು. ಜೆರುಸಲೇಮಿನ ಬಡ ವಿಶ್ವಾಸಿಗಳಿಗಾಗಿ ಸಂತ ಪೌಲರು ಹಣ ಕೂಡಿಸಿದ ಸಂದರ್ಭವನ್ನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎಂಟನೆಯ ಅಧ್ಯಾಯದಲ್ಲಿ ಓದಿರಿ. ಅವರು ಹಣವನ್ನು ಒಬ್ಬರೇ ಹೊತ್ತೊಯ್ಯಲಿಲ್ಲ. ತೀತನ ಜೊತೆಗೆ ಸಭೆಗಳೇ ಆರಿಸಿದ ಇನ್ನೊಬ್ಬ ಸಹೋದರನನ್ನು ಕಳಿಸಿಕೊಟ್ಟರು. ಇಷ್ಟು ದೊಡ್ಡ ಕಾಣಿಕೆಯ ವಿಷಯದಲ್ಲಿ ಯಾರೂ ತಮ್ಮತ್ತ ಬೆರಳು ತೋರದಿರಲೆಂದು, ದೇವರ ಮುಂದಷ್ಟೇ ಅಲ್ಲದೆ ಮನುಷ್ಯರ ಮುಂದೆಯೂ ಸರಿಯಾಗಿರಲೆಂದು ಹಾಗೆ ಮಾಡಿದ್ದಾಗಿ ವಿವರಿಸುತ್ತಾರೆ. ಪ್ರೇಷಿತನಾದವನೇ ಸಾಕ್ಷಿಯನ್ನು ಕರೆದುಕೊಂಡು ಹೋದ! ನಮ್ಮಲ್ಲಿ ಎಷ್ಟೋ ಮಂದಿ ಲೆಕ್ಕ ಕೇಳಿದರೆ, ನಮ್ಮನ್ನೇ ನಂಬುವುದಿಲ್ಲವೇ ಎಂದು ನೊಂದುಕೊಳ್ಳುತ್ತೇವೆ.

ಕಲಬುರಗಿಯ ಜನ ಧರ್ಮವನ್ನೂ ಮೋಜನ್ನೂ ಬೇರೆಬೇರೆ ಊರುಗಳಲ್ಲಿ ಇಟ್ಟವರಲ್ಲ. ಹೋಳಿಯ ಐದನೆಯ ದಿನ ಶರಣಬಸವೇಶ್ವರರ ತೇರು ಎಳೆದವರು ಅದೇ ಸಂಜೆ ತಿರುಗುವ ತೊಟ್ಟಿಲು ಏರುತ್ತಾರೆ, ನಾಟಕದ ಡೇರೆಗೆ ನುಗ್ಗುತ್ತಾರೆ. ಬಂದೇನವಾಜರ ಉರುಸಿನಲ್ಲಿ ಚಾದರ ಹೊದಿಸಿದ ಕೈಯೇ ಬಳೆ ಮಿಠಾಯಿಗಳಿಗೆ ಚೌಕಾಸಿ ಮಾಡುತ್ತದೆ. ಟಿಕೆಟ್ಟು ಕೊಂಡದ್ದಕ್ಕೆ ಅವರಿಗೆ ಬೇಸರವಿಲ್ಲ, ಕಾಣಿಕೆ ಕೊಟ್ಟದ್ದಕ್ಕೂ ಇಲ್ಲ. ಒಂದನ್ನು ಇನ್ನೊಂದೆಂದು ಹೇಳಿ ಕೈಯಿಂದ ತೆಗೆದುಕೊಂಡಾಗ ಮಾತ್ರ ಅವರ ಮುಖ ಬದಲಾಗುತ್ತದೆ.

2006ರಲ್ಲಿ ಮತ್ತೊಮ್ಮೆ ನಾಟಕ ಮಾಡಿಸುವ ಪ್ರಸಂಗ ಬಂತು. ಈ ಸಲ ವಸತಿನಿಲಯದ ಅಡುಗೆಮನೆಗಾಗಿ. ಕಂಪನಿ ಬೇರೆ, ಗುತ್ತಿಗೆ 22,000. ಕರಪತ್ರದ ಕೆಳಗೆ ಅದನ್ನು ಅಂಕಿಯಲ್ಲೇ ಅಚ್ಚು ಹಾಕಿಸಿದೆವು: ಕಂಪನಿಗೆ ಇಷ್ಟು, ಖರ್ಚಿಗೆ ಇಷ್ಟು, ಮಿಕ್ಕದ್ದು ಅಡುಗೆಮನೆಗೆ. ಹೀಗೆ ಬರೆದರೆ ಯಾರು ಬರುತ್ತಾರೆ ಎಂದು ಪಾಲನಾ ಸಮಿತಿಯ ಕೆಲವರು ಕೇಳಿದರು. ಡೇರೆಯ ಬಾಗಿಲಲ್ಲಿ ಟಿಕೆಟ್ಟಿನ ಮೇಜು. ಹತ್ತು ಹೆಜ್ಜೆ ಒಳಗೆ ಬೇರೆ ಮೇಜಿನ ಮೇಲೆ ಬೀಗ ಹಾಕಿದ ಕಾಣಿಕೆ ಡಬ್ಬಿ. ಡಬ್ಬಿಯ ಪಕ್ಕದಲ್ಲಿ ವಸತಿನಿಲಯದ ಇಬ್ಬರು ಹುಡುಗಿಯರೂ ನಮ್ಮವರಲ್ಲದ ಒಬ್ಬ ಶಾಲಾಮಾಸ್ತರರೂ ಕುಳಿತಿದ್ದರು. ಬೀಗದ ಕೈ ಮಾಸ್ತರರ ಬಳಿ. ಆಟಕ್ಕೆ ಮೊದಲು ಅದೇ ಹುಡುಗಿಯರು ರಂಗದ ಮೇಲೆ ನಿಂತು ಒಂದು ಹಾಡು ಹೇಳಿದರು. ಶ್ರುತಿ ಸರಿಯಿರಲಿಲ್ಲ, ಗದಗಿನ ಮಕ್ಕಳಲ್ಲವಲ್ಲ ಅವರು.

ಟಿಕೆಟ್ಟಿನಿಂದ ಮಿಕ್ಕದ್ದು ಹಿಂದಿನ ಸಲಕ್ಕಿಂತ ಹೆಚ್ಚೇನೂ ಇರಲಿಲ್ಲ. ಡಬ್ಬಿಯಲ್ಲಿ ಅದರ ಎರಡರಷ್ಟು ಬಿದ್ದಿತ್ತು. ಲೆಕ್ಕವನ್ನು ಬರೆದು ಚರ್ಚಿನ ಬಾಗಿಲಿಗೂ ವಸತಿನಿಲಯದ ಗೋಡೆಗೂ ಅಂಟಿಸಿದೆವು. ನಾಲ್ಕನೆಯ ದಿನ ಶರಣಸಿರಸಗಿಯ ಹಿರಿಯರು ಬಂದು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಸಾಲುಸಾಲಾಗಿ ಓದಿದರು. ಚಹಾದ ಖರ್ಚಿನ ಕೂಡಿಕೆಯಲ್ಲಿ ನಲವತ್ತು ರೂಪಾಯಿ ತಪ್ಪಿತ್ತು. ಬೆರಳಿಟ್ಟು ತೋರಿಸಿದರು. ನಾನು ಪೆನ್ನು ತೆಗೆದು ಅವರೆದುರೇ ತಿದ್ದಿದೆ. “ಈಗ ಬರೋಬ್ಬರಿ ಆತು ನೋಡ್ರಿ” ಎಂದು ಹೇಳಿ, ಮೊಮ್ಮಗಳನ್ನು ಕಾಣಲು ಒಳಗೆ ಹೋದರು.